ಕಂಪ್ಯೂಟರ್ ಜಾತಕದ ರಿಪೇರಿ

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಕಂಪ್ಯೂಟರ್ ಜಾತಕದ ಅಂಗಡಿ ಇತ್ತು. ಅದರ ಹಿಂದೆಯೇ ಮನೆ. ಹುಟ್ಟಿದ ದಿನ, ಹೊತ್ತು, ಊರು ಹೇಳಿದರೆ ಸಾಕು, ಪ್ರಿಂಟರ್ ಕರಕರ ಎಂದು ಕುಂಡಲಿ ಉಗುಳುತ್ತಿತ್ತು. ನಾನು ಹತ್ತನೇ ಫೇಲು. ಆದರೂ ಜನ ನನ್ನನ್ನು ಸರ್ ಎನ್ನುತ್ತಿದ್ದರು. ಕಂಪ್ಯೂಟರ್ ಮುಂದೆ ಕುಳಿತವನಿಗೆ ಯಾರೂ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ.

ಆ ಪ್ರೋಗ್ರಾಂ ಬರೆದುಕೊಟ್ಟವನು ನಿಪ್ಪಾಣಿಯ ಗೆಳೆಯ ಬಾಳು. ಅವನು ಬರೆದದ್ದು ಯಂತ್ರಕ್ಕೆ ತಿಳಿಯಬೇಕಾದರೆ ನಡುವೆ ಒಂದು ಲ್ಯಾಂಗ್ವೇಜ್ ಬೇಕು. ಕೊಲ್ಹಾಪುರದ ಅಂಗಡಿಯವನೊಬ್ಬ ಅದರ ಹೊಸ ವರ್ಶನ್ನಿನ ಫ್ಲಾಪಿ ಕೊಟ್ಟು, ಇನ್ನು ಕುಂಡಲಿಯ ಗೆರೆ ದಪ್ಪಗೆ ಬರುತ್ತವೆ ಎಂದ. ನನಗೆ ಅದೇ ಬೇಕಿತ್ತು. ಭಾನುವಾರ ಅಥಣಿಯಿಂದ ಹೆಣ್ಣಿನ ಕಡೆಯವರು ನಮ್ಮ ಮನೆ, ನನ್ನ ಕುಂಡಲಿ ನೋಡಲು ಬರುವವರಿದ್ದರು. ಹುಡುಗಿಯ ಫೋಟೋ ನೋಡಿದಾಗಿನಿಂದ ನನಗೆ ರೊಟ್ಟಿ ಸೇರುತ್ತಿರಲಿಲ್ಲ.

ಹಳೆಯದರ ಮೇಲೆಯೇ ಹೊಸದನ್ನು ಹಾಕಿ ಗುಂಡಿ ಒತ್ತಿದೆ. ಪರದೆ ತುಂಬ ತಪ್ಪುಗಳು! ಪ್ರೋಗ್ರಾಂ ಎದ್ದೇಳಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ ಬಾಳುಗೆ ಫೋನ್ ಹಚ್ಚಿದೆ.

"ಲೇ ಬಾಳ್ಯಾ, ನಿನ್ನ ಪ್ರೋಗ್ರಾಂ ಕೆಟ್ಟೈತಿ."

"ಕೆಟ್ಟಿಲ್ಲೋ. ಹೊಸಾದರಾಗ ಬರಿಯೂ ರೀತಿ ಬದಲ್ ಆಗೈತಿ. ಹಳೇದ ಹಾಕಿ ನಡಸು."

"ಹಳೇದರ ಮ್ಯಾಲೇ ಹಾಕೀನಿ. ಅದು ಅಳಿಸಿ ಹೋತು."

"ಹಂಗಾರ ಏನೂ ಮುಟ್ಟಬ್ಯಾಡ. ಸೋಮವಾರ ನಾನ ಬರ್ತೀನಿ" ಎಂದ.

ಸೋಮವಾರ ಯಾರಿಗೆ ಬೇಕು?

ಕಂಪ್ಯೂಟರ್ ಸತ್ಯವಂತ ಪ್ರಾಣಿ. ಯಾವ ಸಾಲಿನಲ್ಲಿ ತಪ್ಪಿದೆ ಎಂದು ತಾನೇ ತೋರಿಸುತ್ತದೆ. ಆ ಸಾಲನ್ನೇ ತೆಗೆದರೆ ತಪ್ಪು ಎಲ್ಲಿ ಉಳಿಯುತ್ತದೆ? ಒಂದು ಸಾಲು ಅಳಿಸಿದೆ. ತಪ್ಪು ಹೆಚ್ಚಾದವು. ನನಗೆ ಹೆದರಿ ಒಳಗಿನವೂ ಹೊರಗೆ ಬರುತ್ತಿವೆ ಎಂದುಕೊಂಡೆ.

ಈ ಸಂಬಂಧ ತಂದವರು ನಮ್ಮ ವೈನಿ, ಅಣ್ಣನ ಹೆಂಡತಿ. ಚಹಾ ತಂದು ಬಗ್ಗಿ ನೋಡಿದರು.

"ತಮ್ಮಾ, ಏನ್ ಅಷ್ಟ ಬಡ್ಯಾಕತ್ತಿ?"

"ಹೊಲದಾಗ ಕಸಾ ತಗದಂಗ, ವೈನಿ. ಬ್ಯಾಡಾದ್ದ ಕಿತ್ತ ಒಗ್ಯಾಕತ್ತೀನಿ."

"ಕಸಾ ಯಾವುದು, ಪೀಕ ಯಾವುದು ಗೊತ್ತೈತೇನ?"

"ಅದು ತಾನ ಹೇಳತೈತ್ರಿ."

ಕೊನೆಗೆ ತಪ್ಪು ತೋರಿಸುವ ಸಾಲುಗಳ ಒಂದು ಉದ್ದನೆಯ ಕಂತೆ ಉಳಿಯಿತು. ಅದನ್ನೂ ಬುಡಸಮೇತ ಕಿತ್ತೆ. ಪರದೆಯ ಮೇಲೆ ತಪ್ಪು ಸೊನ್ನೆ! ಬಾಳು ಓದಿದವನು, ನಾನು ಮಾಡಿದವನು. ನನ್ನದೇ ಕುಂಡಲಿ ತೆಗೆದೆ. ಗೆರೆಗಳು ಹೊಲದ ಬದುವಿನಂತೆ ದಪ್ಪಗೆ ಬಂದಿದ್ದವು.

ಭಾನುವಾರ ಹುಡುಗಿಯ ಅಜ್ಜ ಕನ್ನಡಕ ಏರಿಸಿ, ಆ ಕಾಗದದ ಮೇಲೆ ಮನೆ ಮನೆಗೂ ಬೆರಳು ಆಡಿಸಿದರು. ಮತ್ತೊಂದು ಸುತ್ತು ಆಡಿಸಿದರು.

"ಶನಿ ಎಲ್ಲೆದಾನೋ?"

ನಾನೂ ಹುಡುಕಿದೆ. ಎಂಟು ಗ್ರಹ ಸಿಕ್ಕವು. ಕೊನೆಗೆ ಕಿತ್ತ ಆ ಕಂತೆ ಯಾರದೆಂದು ಆಗ ಹೊಳೆಯಿತು. ಆದರೂ ಧೈರ್ಯ ಬಿಡಲಿಲ್ಲ.

"ಅಜ್ಜಾರ, ಹೊಸಾದರಾಗ ಅಂವ ಬರೂದಿಲ್ರಿ."

"ನನ್ನ ಬೆನ್ನ ಹತ್ತಿ ಅಷ್ಟ ಕಾಡಿದಂವ ನಿನ್ನ ಮಷಿನ್‌ದಾಗ ಹೆಂಗ ಬರೂದಿಲ್ಲ?"

ಸುಳ್ಳು ನನಗೆ ಒಗ್ಗುವುದಿಲ್ಲ. "ತಪ್ಪು ತೋರಿಸಿದ ಸಾಲೆಲ್ಲಾ ಅಳಿಸೀನ್ರಿ. ಅದರಾಗ ಹೋಗಿರಬೇಕು" ಎಂದೆ.

ಅಜ್ಜ ಕಾಗದ ಮಡಚಿ ವೈನಿಯ ಕೈಗೆ ಕೊಟ್ಟರು. "ತಂಗೀ, ಹುಡುಗ ತನಗ ತಿಳೀಲಾರದ್ದನ್ನೆಲ್ಲಾ ಅಳಿಸಿ ಒಗಿತಾನ. ನಮ್ಮ ಹುಡುಗಿಗಿ ಮಾತು ಒಂದೀಟು ಜಾಸ್ತಿ. ಆಕೀ ಗತಿ ಏನ?"

ಚಹಾ ಕುಡಿದರು. ಅವಲಕ್ಕಿ ಮುಟ್ಟದೆ ಎದ್ದರು. ಅಥಣಿ ಬಸ್ಸು ಹೊರಡುವ ತನಕ ನಾನು ಅಂಗಡಿಯ ಬಾಗಿಲಲ್ಲೇ ನಿಂತಿದ್ದೆ. ಯಾರೂ ತಿರುಗಿ ನೋಡಲಿಲ್ಲ.

"ತಪ್ಪೆಲ್ಲಾ ತಗದೀನಿ ಅಂದಿದ್ಯಲ್ಲ?" ವೈನಿ ಕೇಳಿದರು.

"ಎಲ್ಲಾ ತಗದೀನ್ರಿ. ಸೊನ್ನಿ ಬಂದೈತಿ, ನೋಡ ಬರ್ರಿ."

"ಮಷಿನ್ ತಪ್ಪಿನ ಲೆಕ್ಕದಾಗ ನಿನ್ನ ಹಿಡದಿಲ್ಲ, ತಮ್ಮಾ."