ಡೆಲ್ಟಾ ಮನೆಯ ಹಿತ್ತಿಲ ಬಾಗಿಲು

ಒಲೆಯ ಬೂದಿ ಬಾಚಬೇಕು, ಬಾವಿಯಿಂದ ನೀರು ಸೇದಬೇಕು, ಹಂಡೆಗೆ ಉರಿ ಹಾಕಬೇಕು, ಮುಸುರೆ ತಿಕ್ಕಬೇಕು, ಹೊಸಿಲು ತೊಳೆದು ರಂಗೋಲಿ ಇಡಬೇಕು. ಬೆಳಕು ಹರಿಯುವ ಮೊದಲೇ ಅಮ್ಮಣ್ಣಿ ಇಷ್ಟನ್ನೂ ಮುಗಿಸುತ್ತಿದ್ದಳು. ಅದೂ ಮನೆಗೆ ಪ್ರದಕ್ಷಿಣೆ ಹಾಕುತ್ತ. ಬಾವಿ ಇದ್ದದ್ದು ಅಡುಗೆಮನೆಯ ಹಿಂದೆಯೇ. ಅತ್ತ ಹೋಗಲು ಬಾಗಿಲು ಮಾತ್ರ ಇರಲಿಲ್ಲ.

ಜಯನಗರದ ಸೈಟುಗಳ ನಡುವೆ ಇನ್ನೂ ರಾಗಿ ಹೊಲ ಉಳಿದಿದ್ದ ಕಾಲ. ಅವಳ ಗಂಡ ಜಯಸಿಂಹ ಕಾಲೇಜಿನಲ್ಲಿ ಗಣಿತದ ಮೇಷ್ಟರು. ಹೊಸ ಮನೆಗೆ ‘ಡೆಲ್ಟಾ’ ಎಂಬ ಗ್ರೀಕ್ ಅಕ್ಷರದ ಹೆಸರಿಟ್ಟು, ಮುಂಬಾಗಿಲ ನೆತ್ತಿಗೆ ಅದರದೇ ಆಕಾರದ ತೇಗದ ತ್ರಿಕೋನ ಕೂರಿಸಿದ್ದರು. ಹಿತ್ತಿಲ ಬಾಗಿಲಿಗೆಂದು ತಂದ ಮರವೆಲ್ಲ ಅದರ ಪಾಲಾಗಿತ್ತು.

ಬಂದವರಿಗೆಲ್ಲ ಪಾಠ: ಗ್ರೀಕರು ಈ ಅಕ್ಷರವನ್ನು ಫಿನೀಷಿಯದ ವರ್ತಕರಿಂದ ಕಲಿತರು, ಅವರ ಭಾಷೆಯಲ್ಲಿ ಆ ಹೆಸರಿಗೆ ಬಾಗಿಲು ಎಂದರ್ಥ, ನದಿ ಸಮುದ್ರ ಸೇರುವ ಮುಮ್ಮೂಲೆಯ ನೆಲಕ್ಕೂ ಆಮೇಲೆ ಅದೇ ಹೆಸರಾಯಿತು. (ನದಿಗೆ ಹೊರಹೋಗಲು ದಾರಿಯಿತ್ತು, ಅಮ್ಮಣ್ಣಿಯ ಮುಸುರೆ ನೀರಿಗೆ ಇರಲಿಲ್ಲ.)

ಒಮ್ಮೆ ಪ್ರಿನ್ಸಿಪಾಲ್ ಶಂಭುಲಿಂಗಪ್ಪನವರು ಕಾಫಿಗೆ ಬಂದಿದ್ದಾಗ, ಪಾಠ ಫಿನೀಷಿಯ ತಲುಪಿದ ಹೊತ್ತಿಗೆ ಸರಿಯಾಗಿ ಅಮ್ಮಣ್ಣಿ ಮಧ್ಯಾಹ್ನದ ಒಲೆಯ ಬೂದಿಯ ಬುಟ್ಟಿ ಹೊತ್ತು ಹಜಾರದ ನಡುವೆ ಹಾದಳು.

“ಯಾಕಮ್ಮಾ, ಹಿಂದುಗಡೆಯಿಂದ ಹೋಗಬಾರ್ದಾ?” ಎಂದರು ಅವರು.

“ಹಿಂದುಗಡೆ ಬಾಗಿಲಿಲ್ಲ ಸಾರ್. ನಮ್ಮನೇಲಿ ಅದರ ಅರ್ಥ ಮಾತ್ರ ಇದೆ.”

ಪ್ರಿನ್ಸಿಪಾಲರು ನಕ್ಕ ರಭಸಕ್ಕೆ ಕಾಫಿ ಪಂಚೆಯ ಮೇಲಾಯಿತು. ಮರುವಾರವೇ ಮೇಷ್ಟರು ಕರೆಸಿದ ಗಾರೆ ಕೆಲಸದ ಬೈರಣ್ಣ ಬಂದು ಗೋಡೆ ಒಡೆದು ಹಿತ್ತಿಲಿಗೆ ಬಾಗಿಲು ಕೂರಿಸಿದ. ಹೊಸ ಹೊಸಿಲಿಗೆ ಅರಿಸಿನ ಹಚ್ಚುವಾಗ ಅಮ್ಮಣ್ಣಿಯ ಕಣ್ಣು ತುಂಬಿತು. ಇನ್ನು ಬೆಳಗಿನ ಜಾವ ಅರ್ಧ ಗಂಟೆಯಾದರೂ ಸುಮ್ಮನೆ ಮಲಗಬಹುದು.

ಆ ಸುಖ ಶುಕ್ರವಾರದ ಸಂಜೆಯವರೆಗೆ ಬಾಳಿತು. ಮೇಷ್ಟರು ಉತ್ತರಹಳ್ಳಿಯಿಂದ ಹಸುವೊಂದನ್ನು ಹೊಡೆದುಕೊಂಡು ಬಂದರು.

“ಬಾಗಿಲಾಯ್ತಲ್ಲ, ಇನ್ನು ಹಸು ನೋಡ್ಕೊಳ್ಳೋದು ನಿನಗೆ ಸಲೀಸು. ಇದಕ್ಕೆ ಆಲ್ಫಾ ಅಂತ ಹೆಸರು, ಗ್ರೀಕರ ಮೊದಲನೇ ಅಕ್ಷರ. ಆಲ್ಫಾ ಅಂದ್ರೆ ಆ ಫಿನೀಷಿಯದೋರ ಭಾಷೇಲಿ ಎತ್ತು ಕಣೇ.”

ಅಮ್ಮಣ್ಣಿ ಹಸುವನ್ನು ನೋಡಿದಳು, ಗಂಡನನ್ನು ನೋಡಿದಳು. “ಒಟ್ಟು ಎಷ್ಟು ಅಕ್ಷರಾರೀ?”

“ಇಪ್ಪತ್ನಾಲ್ಕು.”

ಅವಳು ಹೊಸ ಹೊಸಿಲ ಮೇಲೆಯೇ ಕೂತುಬಿಟ್ಟಳು.

ಅಂದಿನಿಂದ ಬೂದಿ, ನೀರು, ಉರಿ, ಮುಸುರೆಗಳ ಜೊತೆಗೆ ಸೆಗಣಿ, ಹುಲ್ಲು, ಬೂಸಾ, ಹಾಲು ಕರೆಯುವುದು. ಅರ್ಧ ಗಂಟೆ ಸಿಗುವ ಮಾತಿರಲಿ, ಇದ್ದ ನಿದ್ದೆಯಲ್ಲೂ ಒಂದು ಗಂಟೆ ಹೋಯಿತು. ಪ್ರಿನ್ಸಿಪಾಲರ ಮನೆಗೂ ದಿನಾ ಹಾಲು ಹೋಗತೊಡಗಿತು.

ಒಂದು ಮುಂಜಾವ ಅಮ್ಮಣ್ಣಿ ಆಲ್ಫಾಳ ಹಗ್ಗ ಬಿಚ್ಚಿ, ಹಿತ್ತಿಲ ಬಾಗಿಲಿನಿಂದ ಒಳಗೆ ಕರೆತಂದು, ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನ ಮಂಚದ ಕಾಲಿಗೆ ಕಟ್ಟಿದಳು. ಹಾಲು ಕರೆಯುವ ತಂಬಿಗೆಯನ್ನು ದಿಂಬಿನ ಪಕ್ಕ ಇಟ್ಟಳು. ಆಲ್ಫಾ ಆಗಲೇ ಬಾಲ ಎತ್ತಿತ್ತು. ಬೀಳುವ ಸೆಗಣಿ ಬಾಚಬೇಕಾದವಳೂ ತಾನೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೋಣೆಗೆ ಹೋದಳು, ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು, ಮಲಗಿದಳು.