ಶ್ರಾವಣದ ಓದು ನನ್ನದು, ಅರ್ಥ ಅವಳದು

ಪುಸ್ತಕ ಕೊಂಡವರೆಲ್ಲ ಓದುಗರಲ್ಲ ಎಂಬುದು ನಿಜವಾದರೂ, ಕೊಂಡವರ ಮುಂದೆ ಅದನ್ನು ಹೇಳಬಾರದು. ನಾನು ಕೊಂಡವನು. ಸೇಡಂನ ನಮ್ಮ ಮನೆಯಲ್ಲಿ ತೂಕವಿರುವ ತೀರ್ಮಾನಗಳನ್ನೆಲ್ಲ ಹೆಂಡತಿ ಸುಧಾ ಮಾಡುತ್ತಾಳೆ. ನನಗೆ ಉಳಿದಿರುವುದು ‘ಭಾಳ ಓದಿಕೊಂಡವರು’ ಎಂಬ ಒಂದು ಪದವಿ ಮಾತ್ರ. ಅದನ್ನು ಕಾಯ್ದುಕೊಳ್ಳಲೆಂದೇ ಈ ಸಲ ಶ್ರಾವಣವಿಡೀ ದಿನಾ ಸಂಜೆ ಓದುತ್ತೇನೆಂದು ಮನೆಯಲ್ಲಿ ಸಾರಿದೆ. ಒಂದು ಪತ್ತೇದಾರಿ ಕಾದಂಬರಿ, ಒಂದು ಹಿಮಾಲಯದ ಪ್ರವಾಸಕಥನ, ಸಕ್ಕರೆ ಕಾಯಿಲೆಯ ಪಥ್ಯದ ಪುಸ್ತಕ, ಜೊತೆಗೆ ಮರ್ಯಾದೆಗೆ ಒಂದು ಕವನಸಂಗ್ರಹ.

ಮೊದಲ ಸಂಜೆ ಸುಧಾ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. “ಮನಸ್ಸಿನ್ಯಾಗ ಓದಿದ್ರ ನಿದ್ದಿ ಹೊಡೀತೀರಿ. ಜೋರಾಗಿ ಓದ್ರಿ” ಎಂದಳು. ಓದಿದೆ. ಪತ್ತೇದಾರಿ ಕಾದಂಬರಿಯ ಬಾವಿಯಲ್ಲಿ ಅತ್ತೆಯ ಹೆಣ ತೇಲಿ, ಊರ ಡಾಕ್ಟರ್ ಓಡಿಬರುವ ಪುಟಕ್ಕೆ ಬಂದಿದ್ದೆ. ಗುಡಿಗೆ ಹೊರಟಿದ್ದ ಪಕ್ಕದ ಮನೆಯ ವೆಂಕೂಬಾಯಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದು, ಕೈಮುಗಿದು ಕುಳಿತರು.

“ಪುರಾಣ ಹಚ್ಚೀರೇನ್ರಿ ಪಾಂಡಣ್ಣ? ಚಲೋ ಆತು ಬಿಡ್ರಿ. ಗುಡ್ಯಾಗ ಮೈಕ್ ಹಚ್ತಾರ, ಕಿವಿ ಗುಂಯ್ ಅಂತಾವ.”

ನಮ್ಮ ಕಡೆ ಶ್ರಾವಣದ ಸಂಜೆ ಒಬ್ಬ ಜೋರಾಗಿ ಓದುತ್ತಿದ್ದಾನೆಂದರೆ ಅದು ಪುರಾಣವೇ, ಎರಡನೆಯ ಮಾತಿಲ್ಲ. ಇದು ಕೊಲೆಯ ಕಥೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಪುಸ್ತಕದ ಮೇಲೆ ತುಳಸಿ ಏರಿಸಿಬಿಟ್ಟಿದ್ದರು. ಹೆಣಕ್ಕೆ ತುಳಸಿ ಹೊಸದೇನಲ್ಲ ಎಂದು ಮುಂದೆ ಓದಿದೆ. ಮರುದಿನ ಅವರು ಸೊಸೆ ಗಿರಿಜಾಳನ್ನೂ ಕರೆತಂದರು. ಆ ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ ಕೂತದ್ದನ್ನು ನಮ್ಮ ಓಣಿ ಅಂದೇ ಮೊದಲು ಕಂಡದ್ದು. ನೋಡಲಿಕ್ಕೆಂದು ಇನ್ನೂ ನಾಲ್ಕು ಜನ ಹೆಂಗಸರು ಬಂದರು.

ಇಲ್ಲಿ ನನ್ನ ಓದಿನ ಕ್ರಮವನ್ನು ಹೇಳಬೇಕು. ಕಚೇರಿಯಿರುವ ಚಿತ್ತಾಪುರದವರೆಗೆ ರೈಲಿನಲ್ಲಿ ಮಾತಾಡಲು ಒಂದು ಪುಸ್ತಕದ ಮೊದಲ ಅಧ್ಯಾಯ ಸಾಕು. ವಾಡಿಯವರೆಗೆ ಹೋಗುವುದಿದ್ದರೆ ಬೆನ್ನುಡಿಯನ್ನೂ ಓದಿಕೊಳ್ಳುತ್ತೇನೆ. ಅದೇ ಕ್ರಮದಂತೆ ಒಂದೆರಡು ದಿನದಲ್ಲೇ ಹೆಣವನ್ನು ಅಲ್ಲೇ ಬಿಟ್ಟು ಹಿಮಾಲಯಕ್ಕೆ ಹೊರಟೆ. ವೆಂಕೂಬಾಯಿ ತಡೆದರು.

“ಆ ಹೆಣದ್ದು ಏನಾತ್ರಿ?”

“ಅದಿರ್ಲಿ ಬಿಡ್ರಿ, ಈಗ ಇದು.”

“ಹಚ್ಚಿದ ಪುರಾಣ ಮಂಗಲ ಮಾಡದ ಬಿಟ್ರ ಮನಿಗಿ ಚಲೋ ಅಲ್ರಿ” ಎಂದರು. ಸುಧಾ ಮುಖ ತಗ್ಗಿಸಿ ನಗುತ್ತಿದ್ದಳು. ಹೀಗೆ ಅಮಾವಾಸ್ಯೆಯೊಳಗೆ ಎಲ್ಲ ಪುಸ್ತಕಗಳನ್ನೂ ಕೊನೆಯವರೆಗೆ ಓದಿ ಮಂಗಲ ಮಾಡುವ ಹೊಣೆ ನನ್ನ ಕೊರಳಿಗೆ ಬಿತ್ತು. ಕೊಲೆಯನ್ನು ಕೊನೆಯ ದಿನಕ್ಕೆ ಮುಗಿಸುತ್ತೇನೆಂದು ಮಾತು ಕೊಟ್ಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಪುರಾಣದಲ್ಲಿ ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳಬೇಕು. ಎರಡನ್ನೂ ನಾನೇ ಮಾಡುತ್ತೇನೆಂದು ಗಂಟಲು ಸರಿಮಾಡಿಕೊಂಡೆ. ವೆಂಕೂಬಾಯಿ ನನ್ನನ್ನು ದಾಟಿ ನೋಡಿ, “ನೀ ಹೇಳವ್ವ ಸುಧಾ” ಎಂದರು.

ಹಿಮಾಲಯದ ಹಿಮದಲ್ಲಿ ಲೇಖಕ ನಡುಗುತ್ತಿದ್ದ ಭಾಗವನ್ನು ನಾನು ಭಾವಪೂರ್ಣವಾಗಿ ಓದಿದೆ. ಸುಧಾ ಅರ್ಥ ಹೇಳಿದಳು: “ಹೊದಿಕಿ ಒಯ್ಯದ ಹೋಗ್ಯಾನ. ಹೆಂಡತಿ ಹೇಳಿರ್ತಾಳ, ಕೇಳಿರೂದಿಲ್ಲ.” ಹೆಂಗಸರೆಲ್ಲ ತಲೆದೂಗಿದರು. ಪಥ್ಯದ ಪುಸ್ತಕಕ್ಕೆ ಅವಳು ಅರ್ಥವನ್ನೇ ಹೇಳಲಿಲ್ಲ, ನನ್ನ ಹೊಟ್ಟೆಯ ಕಡೆ ಕೈ ತೋರಿಸಿದಳು. ಸಾಲುಸಾಲಿಗೂ ಮೌನವೇ ತುಂಬಿದ್ದ ಒಂದು ಕವಿತೆಗೆ, “ಗಂಡ ಹೆಂಡ್ತಿ ಮಾತು ಬಿಟ್ಟಾರ. ತಪ್ಪು ಅವಂದ” ಎಂದಳು. ಎಷ್ಟು ಸಲ ಓದಿದರೂ ನನಗೆ ತಿಳಿಯದಿದ್ದ ಕವಿತೆ ಆಗ ಪೂರ್ತಿ ತಿಳಿಯಿತು. ನನಗೆ ಭಾಳ ಅವಮಾನವಾಯಿತು. ದಿನ ಕಳೆದಂತೆ ನಾನು ಓದುವಾಗ ಜನ ತಮ್ಮ ತಮ್ಮಲ್ಲಿ ಮಾತಾಡಿ, ಅವಳು ಬಾಯಿ ತೆರೆದಾಗ ಸುಮ್ಮನಾಗುತ್ತಿದ್ದರು.

ಅಮಾವಾಸ್ಯೆಯ ದಿನ ಕೊಲೆಗೆ ಮಂಗಲ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಾದಂಬರಿಯ ಕೊನೆಯ ಪುಟ ಮುಟ್ಟುವ ಹುರುಪಿನಲ್ಲಿ ನಾನು ಮುಂದಿನ ಸಾಲು ನೋಡದೆ ಓದುತ್ತ ಹೋದೆ. ಓದಿದ ಮೇಲೆ ತಿಳಿಯಿತು: ಅತ್ತೆಯನ್ನು ಬಾವಿಗೆ ದೂಡಿದವಳು ಸೊಸೆ! ವೆಂಕೂಬಾಯಿ ನಿಧಾನವಾಗಿ ಗಿರಿಜಾಳ ಕಡೆ ತಿರುಗಿದರು. ಗಿರಿಜಾ ಚಾಪೆಯ ಅಂಚಿಗೆ ಸರಿದಳು. ಒಂದು ತಿಂಗಳ ಚಾಪೆ ಹರಿದೇ ಹೋಯಿತೆಂದುಕೊಂಡೆ. ಎಲ್ಲರೂ ಸುಧಾಳನ್ನು ನೋಡಿದರು.

“ಅರ್ಥ ಏನಂದ್ರ,” ಎಂದಳು ಸುಧಾ ತಡವರಿಸದೆ, “ಸೊಸಿ ನಾನ ಮಾಡೀನಿ ಅಂತ ಒಪ್ಕೊಂಡಾಳ ಖರೆ. ಮಾಡಿದಾಂವ ಡಾಕ್ಟರ್. ಅತ್ತಿ ಮನಿ ಮರ್ಯಾದಿ ಹೋಗಬಾರದಂತ ಅಕಿ ತನ್ನ ಮ್ಯಾಲೆ ಹಾಕ್ಕೊಂಡಳು.”

ವೆಂಕೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಗಿರಿಜಾಳ ಕೈ ಹಿಡಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಹೊಟ್ಟೆ ಉರಿಯಿತು. ಕಡೆಗೂ ಒಂದು ಪುಸ್ತಕ ಮುಗಿಸಿದ್ದೇನೆ, ಅದರ ಕೊನೆಯನ್ನೂ ಇವಳೇ ಕಿತ್ತುಕೊಳ್ಳುವುದೆ? “ಹಂಗಿಲ್ರಿ, ಸೊಸೀನ ದೂಡಿದ್ದು, ಇಲ್ಲೇ ಬರದದ” ಎಂದು ಪುಟ ತೋರಿಸಿದೆ.

“ಬರದದ್ದು ಓದಿದ್ರಿ, ನಿಮ್ಮ ಕೆಲಸ ಆತು” ಎಂದರು ವೆಂಕೂಬಾಯಿ, ಹಟ ಮಾಡುವ ಮಗುವನ್ನು ಸಮಾಧಾನ ಮಾಡುವಂತೆ. “ಅರ್ಥದಾಗ ಕೈ ಹಾಕಬ್ಯಾಡ್ರಿ.”

ಆರತಿಯಾಯಿತು. ಅರ್ಥ ಹೇಳಿದವಳಿಗೆ ಉಡಿ ತುಂಬಿದರು. ಓದಿದವನಿಗೆ ಒಂದು ಬಾಳೆಹಣ್ಣು ಬಂತು.

ಮೊನ್ನೆ ಶಹಾಬಾದಿನಿಂದ ಸುಧಾಳ ತಮ್ಮ ಬಂದಿದ್ದ. ಕಾದಂಬರಿಯನ್ನು ತಿರುವಿ ನೋಡುತ್ತ, “ಕೊಲೆ ಮಾಡಿದವ್ರು ಯಾರ್ರಿ ಭಾವ?” ಎಂದು ಕೇಳಿದ. ಪೂರ್ತಿ ಓದಿದವನು ನಾನು, ಪುಟವೂ ನೆನಪಿತ್ತು. ಒಳಗೆ ಸುಧಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಡಾಕ್ಟರ್” ಎಂದೆ.