ಮಾವನವರ ಕೈಗೆ ಸಿಕ್ಕ ಬರ್ಗಂಡಿ

ಕೆಲವರಿಗೆ ಕದ್ದು ಕುಡಿಯುವ ಚಟ ಇರುತ್ತದೆ, ನನಗಿರುವುದು ಕದ್ದು ಓದುವ ಚಟ. ಓದುವುದು ಮಾತ್ರ ಕುಡಿಯುವುದರ ಬಗ್ಗೆಯೇ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುವ ನಾನು, ಹೈದರಾಬಾದಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಜಗತ್ತಿನ ವೈನ್ ಸೀಮೆಗಳ ದಪ್ಪನೆಯ ನಕ್ಷೆಪುಸ್ತಕವೊಂದನ್ನು ಕೊಂಡೆ. ಅಂದಿನಿಂದ ಊಟವಾದ ಮೇಲೆ ನನಗೆ ಎಲೆ ಅಡಿಕೆ ಬೇಡ, ಫ್ರಾನ್ಸು ಬೇಕು. ಯಾವ ಗುಡ್ಡದ ಯಾವ ಮಗ್ಗುಲಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಯಾವ ನದಿಯ ದಂಡೆಯಲ್ಲಿ ಸುಣ್ಣಕಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲೆ. ವೈನು ಹುಳಿಯೋ ಸಿಹಿಯೋ ಎಂದು ಕೇಳಿದರೆ ಮಾತ್ರ ಪುಸ್ತಕ ತೆಗೆದು ನೋಡಬೇಕು. ನಮ್ಮ ಕಡೆ 'ವೈನ್ಸ್' ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳಿಗೇನೂ ಕಡಿಮೆಯಿಲ್ಲ. ಅಲ್ಲಿ ವೈನೊಂದನ್ನು ಬಿಟ್ಟು ಮಿಕ್ಕೆಲ್ಲ ಸಿಗುತ್ತದಂತೆ. ಆ 'ಅಂತೆ'ಯನ್ನು ಓದುಗರು ದಯವಿಟ್ಟು ಗಮನಿಸಬೇಕು.

ಇಂಥ ಪುಸ್ತಕವನ್ನು ನಾನು ಹುಮನಾಬಾದಿನ ಮಾಣಿಕನಗರದಲ್ಲಿರುವ ಮಾವನವರ ಮನೆಯಲ್ಲಿ ಮರೆತು ಬಂದೆ. ಮಾವನವರು ಗುಡಿಗೆ ಹೋಗಿ ಬಂದೇ ಕಿರಾಣಿ ಅಂಗಡಿಯ ಬಾಗಿಲು ತೆಗೆಯುವವರು. ಮದುವೆ ಮನೆಯಲ್ಲಿ ಬರೀ ಸೋಡಾ ಕುಡಿದ ಬೀಗರ ಬಾಯನ್ನೂ ಮೂಸಿ ನೋಡಿದವರು. ನನಗೆ ಹೆಣ್ಣು ಕೊಡುವ ಮುಂಚೆ ಊರೆಲ್ಲ ವಿಚಾರಿಸಿದ್ದೂ ಹುಡುಗ ಕುಡಿಯುತ್ತಾನೋ ಎಂಬುದೊಂದನ್ನೇ. ಮನೆಗೆ ಬಂದು ಚೀಲ ತಡಕಾಡುತ್ತಿರುವಾಗಲೇ ಅವರ ಫೋನು ಬಂತು.

"ನಿಮ್ಮ ಬುಕ್ಕು ಇಲ್ಲೇ ಉಳದದ ನೋಡ್ರಿ. ನಾ ತಗದು ನೋಡ್ದೆ. ನಾಳಿಗಿ ಬರ್ರಿ, ಮಾತಾಡೋದದ."

ಹೆಂಡತಿಗೆ ಹೇಳಿದರೆ ಅವಳು, "ಹೋಗಿ ಬರ್ರಿ, ಅಪ್ಪಾ ಏನ್ ನಿಮಗ ನುಂಗತಾರೇನು?" ಎಂದು ನಗುತ್ತ ರೊಟ್ಟಿ ಬಡಿಯತೊಡಗಿದಳು. ಮರುದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಬೂಬು ಹುಡುಕಿದೆ. ಪಾಠಕ್ಕೆ ಬೇಕಿತ್ತು ಅನ್ನಲೇ? ಹೆಡ್ ಮಾಸ್ತರರದು ಅನ್ನಲೇ? ಕೊನೆಗೆ, ಇದು ಆಯುರ್ವೇದದ ದ್ರಾಕ್ಷಾರಿಷ್ಟಕ್ಕೆ ಸಂಬಂಧಪಟ್ಟ ಪುಸ್ತಕ ಎನ್ನುವುದೇ ಸರಿ ಎನಿಸಿತು.

ಅಂಗಡಿಯ ಕಟ್ಟೆಯ ಮೇಲೆ ಮಾವನವರು ತಮ್ಮ ಗೆಳೆಯ ಶರಣಪ್ಪನವರ ಜೊತೆ ಕೂತಿದ್ದರು. ಇಬ್ಬರ ನಡುವೆ ಪುಸ್ತಕ ತೆರೆದುಕೊಂಡು ಬಿದ್ದಿತ್ತು.

"ಬರ್ರಿ ಅಳಿಯಂದ್ರ, ಕೂಡ್ರಿ. ಈ ಹಾಳಿಮ್ಯಾಲ ಅದಲ್ಲಾ, ಇದು ಯಾ ಊರಿನ ಸರ್ವೆ ನಕ್ಷಾರಿ?"

ಬಗ್ಗಿ ನೋಡಿದೆ. ಫ್ರಾನ್ಸಿನ ವೈನ್ ಸೀಮೆ ಬರ್ಗಂಡಿಯ ಪುಟ. ಬಣ್ಣ ಬಣ್ಣದ ಸಣ್ಣ ಸಣ್ಣ ತುಂಡುಗಳು, ಒಂದೊಂದಕ್ಕೂ ಗಡಿ ಗೆರೆ. ಬೇಮಳಖೇಡದ ಹೊಲಕ್ಕಾಗಿ ತಮ್ಮಂದಿರ ಜೊತೆ ವರ್ಷಗಟ್ಟಲೆ ಕೋರ್ಟಿಗೆ ಓಡಾಡಿದ ಮಾವನವರ ಕಣ್ಣಿಗೆ ಅದು ಇನ್ನು ಹೇಗೆ ಕಂಡೀತು!

"ಫ್ರಾನ್ಸಿಂದ್ರಿ ಮಾವನೋರ. ಒಂದೇ ಗೋಡಿಯೊಳಗಿನ ದ್ರಾಕ್ಷಿ ತೋಟ, ಹತ್ತಾರು ಮಂದಿ ಮಾಲಕರು. ಅಪ್ಪನ ಆಸ್ತಿ ಮಕ್ಕಳು ಹಂಚಕೋತ ಬಂದಾರ."

"ಅಲ್ಲೂ ಹಿಸ್ಸಾದ ತಕರಾರು ಅದ ಅನ್ರಿ!" ಮಾವನವರು ಫ್ರಾನ್ಸಿನ ಬಗ್ಗೆ ಮರುಗಿದರು. "ಪಾಪ, ಈ ತುಕುಡಿದಾಗ ಎತ್ತು ಹ್ಯಾಂಗ ತಿರಗಸ್ತಾರೋ!"

ಹೋದ ಜೀವ ಬಂದಂತಾಯಿತು. ಒಂದು ಕಪ್ ಚಹಾ ಕುಡಿದು, ಇನ್ನೊಂದನ್ನು ಕೇಳಿ ಕುಡಿದೆ. ನೆಮ್ಮದಿಯಲ್ಲಿ ನನ್ನ ನಾಲಿಗೆ ಸಡಿಲಾಗಿ, ಮಣ್ಣು, ಮಂಜು, ಇಳಿಜಾರು ಎಂದು ಇಬ್ಬರಿಗೂ ಸಾವಕಾಶವಾಗಿ ಪಾಠ ಮಾಡಿದೆ. ಶರಣಪ್ಪನವರು ಎಲ್ಲ ಕೇಳಿಸಿಕೊಂಡು, "ಇಷ್ಟು ದ್ರಾಕ್ಷಿ ತಗೊಂಡು ಅವ್ರು ಏನ್ ಮಾಡ್ತಾರ್ರಿ?" ಎಂದರು.

"ಅದು... ದ್ರಾಕ್ಷಾರಿಷ್ಟದಂಥದ್ದು..."

"ದಾರೂ ಮಾಡ್ತಾರ ಅನ್ರಲ್ಲಾ!" ಮಾವನವರು ಹೊಟ್ಟೆ ಹಿಡಿದು ನಕ್ಕರು. "ಈ ಬುಕ್ಕು ದಾರೂದು ಅಂತ ನಮ್ಮ ಮಗಳು ಎಂದೋ ಹೇಳ್ಯಾಳ."

ಶರಣಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮತ್ತ ಅಳಿಯಂದ್ರು ತಗೋತಾರೇನು?" ಎಂದು ಕೇಳಿದರು.

"ಯಾರು, ಇವರಾ?" ಮಾವನವರು ನನ್ನ ಬೆನ್ನು ತಟ್ಟಿದರು. "ಹೇಂತಿನ್ನ ಕೇಳಲಾರದ ಎರಡನೇ ರೊಟ್ಟಿ ಹಾಕ್ಕೊಳ್ಳಂಗಿಲ್ಲ ಇವ್ರು. ದಾರೂ ಕುಡಿಯೋ ಧೈರ್ಯ ಎಲ್ಲಿಂದ ಬರಬೇಕ್ರಿ ಇವರಿಗಿ!"

ಮಾನ ಉಳಿಯಿತು, ಪುಸ್ತಕವೂ ವಾಪಸು ಬಂತು, ಬದುಕಿದೆ ಎನಿಸಿತು. ಆದರೆ ಬಸ್ಸು ಬಸವಕಲ್ಯಾಣದ ಕಡೆ ತಿರುಗಿದ ಮೇಲೆ ಒಂದು ಸಣ್ಣ ಸಿಟ್ಟು ಶುರುವಾಯಿತು, ಇವತ್ತಿಗೂ ಇಳಿದಿಲ್ಲ. ಇಷ್ಟು ದೊಡ್ಡ ಪುಸ್ತಕ ಕೈಗೆ ಸಿಕ್ಕರೂ, ಮನೆಯವರಲ್ಲಿ ಒಬ್ಬರಾದರೂ ನನ್ನ ಮೇಲೆ ಒಂದಿಷ್ಟು ಅನುಮಾನ ಪಡಬಾರದಿತ್ತೇ?